ಕಪ್ಪು ಶಾಯಿಯಲ್ಲಿ ಬಂದ ಕಾರ್ಡು

ಕುಣಿಗಲ್
೧೮-೨-೧೯೭೮, ಶನಿವಾರ

ಯಜಮಾನರಿಗೆ ಲಕ್ಷ್ಮೀದೇವಿಯ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು ಕ್ಷೇಮವಾಗಿರುವುದನ್ನು ಮೊನ್ನೆ ಗುರುವಾರ ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ, ಆದ್ದರಿಂದ ಅದನ್ನು ಕೇಳಿ ಬರೆಯುವ ಶಾಸ್ತ್ರ ಈ ಸಲ ಬೇಡ. ಯಾವಾಗ ಬಂದಳು, ಎಲ್ಲಿ ನಿಂತು ನೋಡಿದಳು, ಅಲ್ಲಿವರೆಗೆ ಬಂದವಳು ಒಳಗೆ ಯಾಕೆ ಕಾಲಿಡಲಿಲ್ಲ ಎಂದು ನೀವು ಉಳಿ ಕೆಳಗಿಟ್ಟು ಯೋಚನೆಗೆ ಕೂರುವ ಮೊದಲು ನಾನೇ ಎಲ್ಲ ಹೇಳಿಬಿಡುತ್ತೇನೆ. ನೀವು ಯೋಚನೆಗೆ ಕೂತರೆ ಏಳುವುದು ಎಷ್ಟು ತಡ ಎಂದು ನನಗೆ ಗೊತ್ತಿದೆ. ನಾನು ಕುಣಿಗಲ್ಲಿಗೆ ಬಂದು ಒಂಬತ್ತು ವರ್ಷವಾಯಿತಲ್ಲ.

ಎಲ್ಲಕ್ಕೂ ಕಾರಣ ಆಂಜನಪ್ಪನ ಕಾರ್ಡು. ನಿಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಚಿತ್ರಕಲೆ ಕಲಿತು, ಜಾಹೀರಾತು ಕಂಪನಿಯೊಂದರಲ್ಲಿ ಸ್ವಲ್ಪ ದಿನ ಇದ್ದು, ಈಗ ಗುಬ್ಬಿಯಿಂದ ದಿನಾ ನಿಮ್ಮಲ್ಲಿಗೆ ಬಂದು ಹೋಗುತ್ತಾನೆ ಎಂದು ಕೇಳಿದ್ದೆ. ಆಫ್‌ಸೆಟ್ ಅಚ್ಚು ಬಂದ ಮೇಲೆ ತಾಮ್ರದ ತಗಡಿನ ಮೇಲೆ ಕೈಯಲ್ಲಿ ಅಕ್ಷರ ಕೊರೆದು ಲಗ್ನಪತ್ರಿಕೆ ಅಚ್ಚು ಹಾಕುವವರನ್ನು ಜನ ಮರೆಯುತ್ತಿದ್ದಾರೆ, ಮಾವನ ಕೆಲಸ ಎಂಥದ್ದು ಅಂತ ಊರಿಗೆಲ್ಲ ತೋರಿಸುತ್ತೇನೆ ಎಂದು ಅವನು ಹೊರಟಿದ್ದಾನೆ ಅಂತಲೂ ಗೊತ್ತಿತ್ತು. ಹುಡುಗ ಒಳ್ಳೆಯವನು. ಆದರೆ ಅವನು ತೋರಿಸಿದ ರೀತಿಗೆ ನನ್ನ ಜೀವ ಅರ್ಧ ಹೋಯಿತು.

ಆ ಕಾರ್ಡು ಕುಣಿಗಲ್ಲಿನಲ್ಲಿ ಹೇಗೆ ಕಂಡಿತು ಎಂದು ಹೇಳುತ್ತೇನೆ ಕೇಳಿ. ದಪ್ಪನೆಯ ಬಿಳಿ ಕಾರ್ಡು. ನಡುವೆ ಹಳೇ ಬೆಳ್ಳಿ ರೂಪಾಯಿಯಷ್ಟು ದೊಡ್ಡ ಒಂದು ಕಪ್ಪು ಚುಕ್ಕೆ. ಅದರಿಂದ ಬಲು ದೂರದಲ್ಲಿ, ಕಾರ್ಡಿನ ತಳದಲ್ಲಿ, ಸಣ್ಣ ಅಕ್ಷರದಲ್ಲಿ ನಿಮ್ಮ ಹೆಸರು. ಅದರ ಕೆಳಗೆ ೧೯೨೮–೧೯೭೮. ಅಷ್ಟೆ. ಮೇಲೆ ಶ್ರೀ ಇಲ್ಲ, ಮೂಲೆಗೆ ಅರಿಸಿನ ಸವರಿಲ್ಲ, ಬಳ್ಳಿಯಿಲ್ಲ, ಹೂವಿಲ್ಲ, ಕೆಂಪಿನದು ಒಂದು ಗೆರೆಯೂ ಇಲ್ಲ. ನೀವು ಹುಟ್ಟಿದ ವರ್ಷವೇ ಮಾವನವರು ನಿಮ್ಮ ಹೆಸರಿಟ್ಟು ಅಚ್ಚುಕೂಟ ತೆರೆದರು, ಅದಕ್ಕೆ ಈಗ ಐವತ್ತು ತುಂಬಿತು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿನಲ್ಲಿ ಅದು ಯಾರಿಗೆ ನೆನಪಾಗುತ್ತದೆ? ನಮ್ಮ ಕಡೆ ಶ್ರೀ ಇಲ್ಲದೆ, ಬರೀ ಕಪ್ಪು ಶಾಯಿಯಲ್ಲಿ ಮನೆಗೆ ಬರುವ ಕಾರ್ಡು ಸಾವಿನದು ಮಾತ್ರ.

ಹಿಂದೆ ಯಾವಾಗಲೋ ನಮ್ಮ ಸ್ಕೂಲಿನ ಬಹುಮಾನ ಪತ್ರಗಳನ್ನು ನಿಮ್ಮಲ್ಲಿ ಅಚ್ಚು ಹಾಕಿಸಿದ್ದರಂತೆ, ಹಾಗಾಗಿ ಹಳೇ ಗಿರಾಕಿಗಳ ಜೊತೆ ನಮ್ಮ ಹೆಡ್‌ಮಾಸ್ಟರಿಗೂ ಒಂದು ಬಂತು. ಊಟದ ಬೆಲ್ಲು ಹೊಡೆದಿತ್ತು. ಗಂಗಹನುಮಯ್ಯನವರು ಅದನ್ನು ಆಫೀಸಿನ ಒಳಗೆ ತರದೆ ಬಾಗಿಲಲ್ಲೇ ನಿಂತು, ತುದಿ ಬೆರಳಲ್ಲಿ ಹಿಡಿದು ಓದಿದರು. ಆಮೇಲೆ ನನ್ನನ್ನು ಕರೆಸಿದರು. “ಅಮ್ಮಾ, ಮನ್ಸು ಗಟ್ಟಿ ಮಾಡ್ಕೊಳಿ” ಎಂದರು. ಕಾರ್ಡನ್ನು ನನ್ನ ಕಡೆ ತಿರುಗಿಸಿ ಹಿಡಿದರು.

ನಿಮ್ಮ ಹೆಸರನ್ನು ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿದವಳಲ್ಲ ನಾನು. ಅವತ್ತು ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆನಂತೆ. ನನಗೆ ನೆನಪಿಲ್ಲ, ಜೊತೆಯ ಮೇಡಂ ನರಸಿಂಹಮ್ಮ ಆಮೇಲೆ ಹೇಳಿದರು. ಹಿಂದೆ ತಿರುಗಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಮೊದಲೇ ನರಸಿಂಹಮ್ಮ “ಓದಾಯ್ತಲ್ಲ ಸಾರ್, ಇಟ್ಕೋಬೇಡಿ, ಹರ್ದಾಕಿ” ಎಂದರು. ಸಾವಿನ ಕಾರ್ಡನ್ನು ಓದಿದ ಮೇಲೆ ಇಟ್ಟುಕೊಳ್ಳಬಾರದಲ್ಲ. ಹೆಡ್‌ಮಾಸ್ಟರು ಅಲ್ಲೇ ಚೂರು ಚೂರು ಮಾಡಿ ಚರಂಡಿಗೆ ಹಾಕಿ ಕೈಕಾಲು ತೊಳೆದುಕೊಂಡರು. ನಿಮ್ಮ ಕೆಲಸದ ವಿವರ, ಅಂಗಡಿಯ ವಿಳಾಸ, “ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಲೆಟರ್‌ಹೆಡ್ಡು” ಎಂದು ಆಂಜನಪ್ಪ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಹಾಕಿದ್ದೆಲ್ಲ ಆ ಚೂರುಗಳ ಜೊತೆ ನೀರಲ್ಲಿ ಹೋಯಿತು.

ನಾನು ಅಳಲಿಲ್ಲ. ಹೋಗುವುದು ನನ್ನ ಧರ್ಮ, ಜನ ಏನಂದುಕೊಂಡಾರು ಎಂದು ತುಮಕೂರಿಗೆ ಹೊರಟೆ. ನರಸಿಂಹಮ್ಮ ಜೊತೆಗೆ ಬರುತ್ತೇನೆಂದರು, ಬೇಡ ಎಂದೆ.

ಬಸ್ಸಿನಲ್ಲಿ ಪಕ್ಕಕ್ಕೆ ಕೊತ್ತಗೆರೆಯ ಒಬ್ಬಳು ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೆಬ್ಬೂರು ಬರುವವರೆಗೂ ನನ್ನನ್ನೇ ನೋಡಿ ನೋಡಿ, ಕಡೆಗೆ ಒಂದು ತುಂಡು ಮಲ್ಲಿಗೆ ಕಿತ್ತು “ತಗಳವ್ವ, ಬೋಳು ತಲೇಲಿ ಕೂತಿದೀಯಲ್ಲ, ಮುಡ್ಕೊ” ಎಂದು ಕೊಟ್ಟಳು. ನನ್ನ ಹಣೆಯಲ್ಲಿ ಕುಂಕುಮ ಇತ್ತಲ್ಲ, ಅವಳದೇನು ತಪ್ಪು? ಬೇಡವೆಂದರೆ ಯಾಕೆ ಎಂದು ಹೇಳಬೇಕು. ತೆಗೆದುಕೊಂಡರೆ ಮುಡಿಯಬೇಕು. ನಾನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ದುಡ್ಡು ಕೊಡಲು ಹೋದರೆ “ಬುಡವ್ವ” ಎಂದು ಆ ಕಡೆ ತಿರುಗಿದಳು.

ಅಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಹೆಬ್ಬೂರಿನಿಂದ ತುಮಕೂರಿನವರೆಗೂ ಅತ್ತೆ. ಧರ್ಮ, ಜನ ಎಂದದ್ದೂ ಸುಳ್ಳು. ನಿಮ್ಮ ಮುಖ ಒಂದು ಸಲ ನೋಡಬೇಕಿತ್ತು, ಅಷ್ಟೆ. ಅದಕ್ಕೂ ತಡವಾಗಿ ಎತ್ತಿಬಿಟ್ಟಿದ್ದರೆ ಏನು ಮಾಡಲಿ ಎಂದು ಬಸ್ಸಿನ ಡ್ರೈವರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾ ಬಂದೆ.

ಚಿಕ್ಕಪೇಟೆಗೆ ತಿರುಗಿದಾಗ ಅಂಗಡಿಯ ಮುಂದೆ ಜನ. ಎದುರಿನ ಹೋಟೆಲಿನ ಕಂಬ ಹಿಡಿದು ನಿಂತೆ. ಗುಬ್ಬಿಯ ಕೊಬ್ಬರಿ ಮಂಡಿಯ ಯಲ್ಲಯ್ಯನವರು ಇಷ್ಟು ದಪ್ಪದ ಸೇವಂತಿಗೆ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಭುಜದ ಆಚೆ ನೋಡಿದರೆ ನೀವು! ಕಣ್ಣಿಗೆ ಆ ಗಡಿಯಾರದವರ ಗಾಜು ಸಿಕ್ಕಿಸಿಕೊಂಡು, ಮೊಣಕೈವರೆಗೂ ಮಸಿ ಮಾಡಿಕೊಂಡು, ನಡು ನೋವಿನವರ ಹಾಗೆ ಅರ್ಧ ಎದ್ದು ನಿಂತಿದ್ದೀರಿ. ಯಲ್ಲಯ್ಯನವರು “ಏನ್ ಸ್ವಾಮಿ, ನೀವೇ ಇದೀರಲ್ಲ!” ಎಂದು ಕೂಗಿದರು. ನೀವು ಏನಂದಿರಿ ನೆನಪಿದೆಯೇ? “ಇದೀನಿ ಕಣಪ್ಪ, ಏನ್ಮಾಡದು. ತಂದಿದ್ದು ತಂದ್ಬುಟ್ಟಿದೀಯ, ಇತ್ಲಾಗ್ ಕೊಡು, ಮೆಷೀನಿಗೆ ಹಾಕಾಣ” ಎಂದಿರಿ. ಹಾರ ತೆಗೆದುಕೊಂಡು ಹೋಗಿ ಕಾಲಲ್ಲಿ ತುಳಿಯುವ ಆ ಹಳೇ ಟ್ರೆಡಲ್ ಮೆಷೀನಿನ ಚಕ್ರಕ್ಕೆ ಹಾಕಿದಿರಿ. ನಿಮ್ಮ ಕೆಲಸದಾಳು ಬೀರಯ್ಯ ಅಚ್ಚಿನ ಮೊಳೆ ಜೋಡಿಸುವುದನ್ನು ಬಿಟ್ಟು ಬಂದು ಅದಕ್ಕೆ ಕೈ ಮುಗಿದ. ಆಮೇಲೆ ನೀವು ನಕ್ಕಿರಿ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿರಿ.

ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ, ನೀವು ಹಾಗೆ ನಗುತ್ತೀರೆಂದೇ ನನಗೆ ಗೊತ್ತಿರಲಿಲ್ಲ.

ಹೋಟೆಲಿನೊಳಗೆ ಹೋಗಿ ಮೂಲೆಯ ಬೆಂಚಿನಲ್ಲಿ ಕುಸಿದೆ. ಮೊದಲು ಮಾಡಿದ ಕೆಲಸ ಆ ಮಲ್ಲಿಗೆಯನ್ನು ಮುಡಿದದ್ದು, ಬಾಡಿ ಹೋಗಿದ್ದರೂ. ಆಮೇಲೆ ಮುಂದಿನ ಯೋಚನೆ ಬಂತು. ಎದ್ದು ರಸ್ತೆ ದಾಟಿದರೆ ನಿಮ್ಮ ಅಂಗಡಿ. ಏನೆಂದು ಹೇಳಿಕೊಂಡು ದಾಟಲಿ? ನೀವು ಬದುಕಿರುವಷ್ಟು ದಿನ ಬಾರದವಳು, ಸತ್ತಿರೆಂದು ಕೇಳಿ ಓಡಿ ಬಂದೆ ಎನ್ನಲೇ? ಯಲ್ಲಯ್ಯನವರು ಹಾರ ತಂದ ಹಾಗೆ ನಾನು ಅಳು ಹೊತ್ತು ತಂದಿದ್ದೆ. ಹಾರವನ್ನು ಮೆಷೀನಿಗೆ ಹಾಕಬಹುದು, ಅಳುವನ್ನು ಎಲ್ಲಿಗೆ ಹಾಕುವುದು ಹೇಳಿ.

ಅಷ್ಟರಲ್ಲಿ ಆಂಜನಪ್ಪನೇ ಟೀ ಕುಡಿಯಲು ಬಂದು ನನ್ನನ್ನು ನೋಡಿಬಿಟ್ಟ. ಅವನು “ಅತ್ತೇ” ಎಂದು ಕೂಗುವ ಮೊದಲೇ ರಟ್ಟೆ ಹಿಡಿದು ಕೂರಿಸಿ, ನಾನು ಬಂದದ್ದನ್ನು ಮಾವನಿಗೆ ಹೇಳಕೂಡದೆಂದು ಭಾಷೆ ಹಾಕಿಸಿಕೊಂಡೆ. ಅವನು ಹೇಳಿಲ್ಲ ತಾನೇ? ಅದಕ್ಕಾಗಿ ಅವನನ್ನು ಬೈಯಬೇಡಿ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ. ಬೆಳಗ್ಗಿನಿಂದ ಜನ ಸಾಲಾಗಿ ಸಾವಿನ ಮನೆಗೆ ಬರುವ ಹಾಗೆ ಮಾತಾಡಿಸಲು ಬರುತ್ತಿದ್ದಾರೆಂದ. “ಹೆಬ್ಬೂರಿನೋರು ಲಗ್ನಪತ್ರಿಕೆ ಆರ್ಡರ್ ವಾಪಸ್ ತಗೊಂಡ್ರು ಅತ್ತೆ, ಅಪಶಕುನ ಅಂತ. ಮಾವಂಗೆ ನಾನು ಒಳ್ಳೇದು ಮಾಡಾಕ್ ಹೋಗಿ...” ಎಂದ. ಮಾವ ಬೈದರೇ ಎಂದು ಕೇಳಿದೆ. “ಎಲ್ಲಿ ಬೈತಾರೆ? ಬಂದೋರ್ಗೆಲ್ಲ ಕಾರ್ಡು ತೋರ್ಸಿ, ನನ್ನ ಅಳಿಯ ಮಾಡಿರೋದು, ಹಿಂದ್ಗಡೆ ಓದಿ ಅಂತವ್ರೆ” ಎಂದ.

ಈ ಕಪ್ಪು ಚುಕ್ಕೆ ಯಾಕೆ ಇಟ್ಟೆಯೋ ಮಾರಾಯ, ಊರಿನಲ್ಲಿ ಬೇರೆ ಚಿತ್ರ ಇರಲಿಲ್ಲವೇ ಎಂದು ಕೇಳಿದೆ. ಆಗ ಅವನು ಜೇಬಿನಿಂದ ಒಂದು ಕಾರ್ಡು ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಹತ್ತಿರದಿಂದ ನೋಡಿದರೆ ಅದು ಬರೀ ಕಪ್ಪಲ್ಲ. ಒಳಗೆಲ್ಲ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ದುಂಡಗೆ ಸುತ್ತಿಕೊಂಡು ನಡುವಿಗೆ ಬಂದು ನಿಲ್ಲುತ್ತವೆ. ನಿಮ್ಮ ಉಳಿಯ ಗೆರೆಗಳು. ನೀವು ಕೊರೆದ ಚಿತ್ರದೊಳಗಿನ ಸಾಸಿವೆಯಷ್ಟು ಜಾಗವನ್ನು ಫೋಟೋ ತೆಗೆಸಿ ಇಷ್ಟು ದೊಡ್ಡದು ಮಾಡಿಸಿದ್ದಾನೆ. ಬಳ್ಳಿ, ಹೂ, ಚಿತ್ತಾರ ಎಲ್ಲ ಅಂಗಡಿಯಲ್ಲೂ ಇದೆ, ಅವೆಲ್ಲ ತೆಗೆದುಹಾಕಿ ಕೈಯ ಗೆರೆ ಒಂದನ್ನೇ ಉಳಿಸಿದರೆ ಅದು ಮಾವನದು ಎಂದು ಯಾರಿಗಾದರೂ ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಅವನು ಕಲಿತ ಕಡೆ ಹೀಗೇ ಮಾಡುತ್ತಾರಂತೆ, ಬೇಡದ್ದನ್ನೆಲ್ಲ ತೆಗೆಯುವುದು. ಶ್ರೀಯನ್ನೂ ಬೇಡದ್ದರ ಜೊತೆ ತೆಗೆದುಬಿಟ್ಟಿದ್ದಾನೆ, ಅಷ್ಟೇ ಎಡವಟ್ಟು. ಅದು ಬಿಟ್ಟರೆ, ಸುಳ್ಳು ಯಾಕೆ ಹೇಳಲಿ, ನೋಡುತ್ತಾ ಹೋದ ಹಾಗೆ ಅದು ಬಹಳ ಚೆನ್ನಾಗಿತ್ತು.

ಯಾವ ಚಿತ್ರದ್ದೋ ಇದು ಎಂದೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ. “ಲಕ್ಷ್ಮಿ ಬ್ಲಾಕಿಂದು ಅತ್ತೆ. ಹಣೇ ಬೊಟ್ಟು. ನಾನು ಸೀರೆ ಅಂಚು ತಗಳಾಣ ಅಂದೆ. ಮಾವ ಬ್ಯಾಡ ಅಂದ್ರು. ನಾನು ಇಷ್ಟ್ ವರ್ಷದಲ್ಲಿ ನೆಟ್ಟಗೆ ಕೊರ್ದಿರೋದು ಅದೊಂದೇ, ಅದ್ನೇ ತಗೊ ಅಂದ್ರು.”

ಆ ಲಕ್ಷ್ಮಿ ಬ್ಲಾಕು ನನಗೆ ಗೊತ್ತಿಲ್ಲವೇ? ನಮ್ಮ ಮದುವೆಯಾದ ವರ್ಷ ನೀವು ಕ್ಯಾಲೆಂಡರಿಗೆಂದು ಕೊರೆದದ್ದು. ಅದು ಅಚ್ಚಾಗಿ ಬಂದಾಗ ನಿಮ್ಮ ಅಕ್ಕ ನೋಡಿ, ಇದೇನೋ ಲಕ್ಷ್ಮಿಗೆ ನಿನ್ನ ಹೆಂಡತಿ ಮೂಗು ಇಟ್ಟಿದ್ದೀಯ ಎಂದು ಎಲ್ಲರೆದುರಿಗೆ ನಗೆಯಾಡಿದ್ದರು. ನೀವು ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು ಎದ್ದು ಹೋದಿರಿ. ಮುಖವನ್ನು ಕೊರೆಯುವಾಗ ರಾತ್ರಿ ಊಟಕ್ಕೆ ಕೂತಲ್ಲಿಂದ ನನ್ನನ್ನು ಕದ್ದು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬಡಿಸುತ್ತಿದ್ದೆ.

ನಾನು ಸಾವಿನ ಗುರುತೆಂದು ಓದಿದ್ದು ನನ್ನದೇ ಹಣೆಯ ಕುಂಕುಮ. ಆಂಜನಪ್ಪನ ಎದುರಿಗೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವನು ಪಾಪ ಹೆದರಿ ಇನ್ನೊಂದು ಟೀ ಹೇಳಿದ.

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಊರವರ ಪಾಲಿಗೆ ನಾನು ಕುಣಿಗಲ್ಲಿಗೆ ಕೆಲಸದ ಮೇಲೆ ಬಂದವಳು. ನಮ್ಮಿಬ್ಬರಿಗೆ ಗೊತ್ತಿದೆ, ಕೆಲಸ ಒಂದು ನೆಪ. ಮಕ್ಕಳಾಗದವಳು ಸಂಬಳಕ್ಕಾದರೂ ಹೋಗಲಿ ಬಿಡು ಎಂದು ನಿಮ್ಮ ತಾಯಿ ಅಂದಾಗ ನೀವು ಆ ಕಡೆ ಈ ಕಡೆ ಏನೂ ಹೇಳದೆ ತಗಡಿನ ಮೇಲೆ ಬಗ್ಗಿದಿರಿ. ಹೋಗಬೇಡ ಎಂದೊಂದು ಮಾತು ಬರುತ್ತದೆಂದು ನಾನು ಟ್ರಂಕು ಕಟ್ಟುತ್ತಾ ಕಾದೆ, ಬರಲಿಲ್ಲ. ಆಮೇಲೆ ಅತ್ತೆಯವರು ಹೋದಾಗ ಬಂದೆ. ಕಾರ್ಯವೆಲ್ಲ ಮುಗಿಯಿತು, ಇರು ಎನ್ನುತ್ತೀರೆಂದು ಮತ್ತೆ ಕಾದೆ. ನೀವು ಬಸ್‌ಸ್ಟ್ಯಾಂಡಿಗೆ ಓಡಿ ಬಂದು, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಹಾಕಿ ನನಗೆ ಸೀಟು ಹಿಡಿದು ಕೊಟ್ಟಿರಿ. ಇವರಿಗೆ ನಾನು ಹೋದರೆ ಸಾಕಾಗಿದೆ ಎಂದು ತಿಳಿದುಕೊಂಡೆ. ನಿಂತುಕೊಂಡು ಹೋಗಿ ನನ್ನ ಕಾಲು ನೋಯದಿರಲಿ ಎಂದು ನೀವು ಓಡಿ ಬಂದಿರಬಹುದು ಎಂದು ಮೊನ್ನೆ ವಾಪಸ್ಸು ಬರುವ ಬಸ್ಸಿನಲ್ಲಿ ನಿಂತುಕೊಂಡಿದ್ದಾಗ ಹೊಳೆಯಿತು. ನೀವು ಯಾವುದನ್ನೂ ಬಾಯಿಬಿಟ್ಟು ಹೇಳುವವರಲ್ಲ. ನಾನು ಕೇಳುವವಳಲ್ಲ. ಒಳ್ಳೆಯ ಜೋಡಿ.

ವರ್ಗಕ್ಕೆ ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಸಮಯವಿದೆ. ತುಮಕೂರಿನಲ್ಲಿ ಜಾಗ ಖಾಲಿ ಇದೆಯೆಂದು ಹೆಡ್‌ಮಾಸ್ಟರೇ ಹೇಳಿದರು. ನಾನು ಬರಲೇ? ನಿಮಗೆ ಬೇಕೇ? ಕಾರ್ಡು ಸುಳ್ಳಾಯಿತು ಎಂಬ ಖುಷಿಯಲ್ಲಿ ಕೇಳುತ್ತಿಲ್ಲ. ನೀವಿಲ್ಲ ಎಂದುಕೊಂಡು ಕೂತಿದ್ದ ಆ ಬಸ್ಸಿನ ದಾರಿ ಇದೆಯಲ್ಲ, ಅದರಲ್ಲಿ ಮತ್ತೊಮ್ಮೆ, ನಿಜವಾಗಿ, ಕುಣಿಗಲ್ಲಿನಿಂದ ಹೊರಟು ಬರುವ ಶಕ್ತಿ ನನಗಿಲ್ಲ. ಆ ದಿನ ಯಾವತ್ತಾದರೂ ಬಂದೇ ಬರುವುದಾದರೆ ನಾನು ಮನೆಯೊಳಗೇ ಇರಬೇಕು. ನನಗೆ ಮೊದಲು ಬಂದರೆ ನೀವು ಪಕ್ಕದಲ್ಲಿರಬೇಕು. ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ನಾಚಿಕೆ ಇಲ್ಲ, ವಯಸ್ಸಾಯಿತು.

ಇನ್ನೊಂದು ಮಾತು, ಕೆಲಸದ್ದು. ಆಂಜನಪ್ಪನ ಕಾರ್ಡನ್ನು ಎಸೆಯಬೇಡಿ, ಹುಡುಗ ಕುಗ್ಗಿಹೋಗುತ್ತಾನೆ. ಚಿತ್ರ ಹಾಗೇ ಇರಲಿ, ಬಿಳಿ ಜಾಗವೂ ಹಾಗೇ ಇರಲಿ, ಬಳ್ಳಿ ಗಿಳ್ಳಿ ಮತ್ತೆ ತುರುಕಬೇಡಿ. ಮೇಲೆ ಸಣ್ಣದಾಗಿ ಶ್ರೀ ಹಾಕಿ. ಅಂಗಡಿ ಹುಟ್ಟಿದ ವರ್ಷ ಒಂದೇ ಸಾಕು. ಚುಕ್ಕೆಯನ್ನು ಮಾತ್ರ ಕುಂಕುಮದ ಕೆಂಪಿನಲ್ಲಿ ಅಚ್ಚು ಹಾಕಿ. ಗೆರೆಗಳು ಕೆಂಪಿನಲ್ಲೂ ಕಾಣುತ್ತವೆ, ಸ್ವಲ್ಪ ಗಟ್ಟಿ ಶಾಯಿ ಹಿಡಿಸಬೇಕಾದೀತು, ಅದು ನಿಮಗೆ ಗೊತ್ತು. ಹೆಬ್ಬೂರಿನವರಿಗೆ ಮೊದಲು ಕಳುಹಿಸಿ. ಇದು ಸಲಹೆ ಅಂತ ತಿಳಿಯಬೇಡಿ, ಹಕ್ಕಿನಿಂದ ಹೇಳುತ್ತಿದ್ದೇನೆ. ಆ ಬೊಟ್ಟು ನನ್ನದು, ಅದನ್ನು ಊರೂರಿಗೆ ಕಪ್ಪಾಗಿ ಕಳುಹಿಸಕೂಡದು.

ನಿಮ್ಮ ಉತ್ತರ ಸಣ್ಣದಾದರೂ ಪರವಾಗಿಲ್ಲ. ‘ಬಾ’ ಎಂದರೆ ಒಂದೇ ಅಕ್ಷರ, ಕೊರೆಯುವುದಕ್ಕೂ ಹೆಚ್ಚು ಹೊತ್ತು ಬೇಡ.

ಇಂತಿ ನಿಮ್ಮವಳು,
ಲಕ್ಷ್ಮೀದೇವಿ

ಮತ್ತೆ ಸೇರಿಸಿದ್ದು:
ತುಮಕೂರು, ಭಾನುವಾರ ಬೆಳಗ್ಗೆ

ನಿನ್ನೆ ಇದನ್ನು ಅಂಟಿಸಿ ಅಂಚೆ ಡಬ್ಬದವರೆಗೆ ಹೋದೆ. ನೀವು ಓದಿ, ಯೋಚಿಸಿ, ಉತ್ತರ ಬರೆಯುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ ಎನಿಸಿ ವಾಪಸ್ಸು ಬಂದೆ. ಲಗ್ನದ ಕಾಲ, ಭಾನುವಾರವೂ ಅಂಗಡಿ ತೆಗೆದಿರುತ್ತೀರಿ ಎಂದು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಲಕೋಟೆ ಬಿಚ್ಚಿ ಈ ನಾಲ್ಕು ಸಾಲನ್ನು ಎದುರಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನು ನಿಮಗೆ ಕೊಟ್ಟ ಬೀರಯ್ಯ, ಯಾರೋ ಅಚ್ಚಿಗೆ ಮ್ಯಾಟರ್ ತಂದಿದ್ದಾರೆ ಎಂದಿರುತ್ತಾನೆ. ನಾನೇ ಹಾಗೆ ಹೇಳು ಎಂದಿರುತ್ತೇನೆ. ನೀವು ಇದನ್ನು ಓದುತ್ತಿರುವಾಗ ನಾನು ನಿಮ್ಮ ಅಂಗಡಿಯ ಹೊರಗೆ, ಗಿರಾಕಿಗಳ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಡವೆನಿಸಿದರೆ ಅವನ ಕೈಯಲ್ಲೇ ಹೇಳಿ ಕಳುಹಿಸಿ, ಮುಂದಿನ ಬಸ್ಸಿಗೆ ನಾನೇ ಸೀಟು ಹಿಡಿದುಕೊಳ್ಳುತ್ತೇನೆ. ಬೇಕಾದರೆ ನೀವೇ ಎದ್ದು ಬನ್ನಿ. ಸೀಮೆಎಣ್ಣೆ, ಸೋಪು ಎಂದು ಕೈ ತೊಳೆಯುತ್ತಾ ನಿಲ್ಲಬೇಡಿ, ನನ್ನ ಧೈರ್ಯ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮಸಿ ಕೈಯಲ್ಲೇ ಬನ್ನಿ.